ಜುಮಕ್ಕನಿಂದ ತಲೆಮರೆಸಿಕೊಂಡ ಸಂಕಪ್ಪ

ಕತಾರಿನ ಉತ್ತರ ತುದಿಯ ಅಲ್ ಶಮಾಲ್ ಕಡೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸಮುದ್ರದಿಂದ ಬಂದ ಮಂಜು ನೀರಿನ ಟ್ಯಾಂಕರಿನ ಮೈಮೇಲೆ ಹನಿಗಟ್ಟಿದೆ. ಹಳೆಯ ಸ್ವೆಟರ್ ತೊಟ್ಟ, ಅರವತ್ತರ ಆಸುಪಾಸಿನ ಮನುಷ್ಯರೊಬ್ಬರು ಎತ್ತರದ ಕಬ್ಬಿಣದ ಕಂಬದ ಬುಡದಲ್ಲಿ ನಿಂತು ಹಗ್ಗ ಎಳೆಯುತ್ತಿದ್ದಾರೆ. ಕಂಬದ ತುದಿಯಲ್ಲಿ ಬಾವಿಗೆ ಹಾಕುವಂಥ ರಾಟೆ. ಆದರೆ ಮೇಲೇರುತ್ತಿರುವುದು ಕೊಡವಲ್ಲ, ಸಿದ್ರ್ ಮರದ ಹಸಿ ಕೊಂಬೆಗಳ ಕಟ್ಟು. ಸಿದ್ರ್ ಎಂದರೆ ನಮ್ಮ ಬೋರೆಹಣ್ಣಿನ ಮರದ ದಾಯಾದಿ. ಹಗ್ಗವನ್ನು ಬಿಗಿದು ಕಟ್ಟಿದವರು ಅತ್ತಿತ್ತ ನೋಡುತ್ತಾರೆ, ಆಮೇಲೆ ಓಡುತ್ತಾರೆ. ಹೌದು, ಆ ವಯಸ್ಸಿನಲ್ಲೂ ಓಡಿ ಹೋಗಿ ಟ್ಯಾಂಕರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ.

"ಜೋರು ಮಾತಾಡ್ಬೇಡಿ ಮಾರಾಯ್ರೆ," ಎಂದು ಪಿಸುಗುಡುತ್ತಾರೆ. "ನನ್ನ ಸ್ವರ ಕೇಳಿದ್ರೆ ಅದು ಎಲೆ ಬಿಟ್ಟು ಸೀದಾ ಇಲ್ಲಿಗೆ ಬರ್ತದೆ."

'ಅದು' ಎಂದರೆ ಜಿರಾಫೆ. ಮಾಲೀಕರ ಮನೆಯವರು ಇಟ್ಟ ಹೆಸರು ಜುಮಾನಾ, ಅರಬ್ಬಿಯಲ್ಲಿ ಮುತ್ತು. ಸಂಕಪ್ಪನವರ ಬಾಯಲ್ಲಿ ಅದು ಜುಮಕ್ಕ. ಸಾಕಿದ ಪ್ರಾಣಿ ತನ್ನನ್ನು ಕಂಡರೆ ಓಡಿ ಬರಲಿ ಎಂದು ಲೋಕವೆಲ್ಲ ಆಸೆಪಡುತ್ತದೆ. ಐದು ವರ್ಷ ಕೈಯಾರೆ ಸಾಕಿದ ಈ ಮನುಷ್ಯ ಮಾತ್ರ ಕೆಲವು ತಿಂಗಳುಗಳಿಂದ ಅದರ ಕಣ್ತಪ್ಪಿಸಿ ಕಳ್ಳನ ಹಾಗೆ ಬದುಕುತ್ತಿದ್ದಾರೆ. ಕಾರಣ ಕೇಳಿದರೆ ಕತೆ ಆಫ್ರಿಕಾದ ಒಂದು ಸರೋವರದ ದಡಕ್ಕೆ ಹೋಗಿ ಮುಟ್ಟುತ್ತದೆ.

ಸಂಕಪ್ಪ ಮೂಲ್ಕಿ ಕಡೆಯವರು. ಮನೆಮಾತು ತುಳು. ಕತಾರಿಗೆ ಬಂದದ್ದು ಟ್ಯಾಂಕರ್ ಡ್ರೈವರಾಗಿ. ಮೊದಮೊದಲು ರಾಜಧಾನಿಯ ನಜ್ಮಾ ಬಡಾವಣೆಯ ಒಂದು ರೂಮಿನಲ್ಲಿ ಅಟ್ಟಣಿಗೆ ಮಂಚದ ಮೇಲಿನ ಅಂತಸ್ತು ಇವರ ಪಾಲಿಗೆ ಸಿಕ್ಕಿತ್ತು. ಬೇಸಿಗೆಯಲ್ಲಿ ಎ.ಸಿ. ಕೆಟ್ಟರೆ ಎಲ್ಲರೂ ಕೆಳಗಿನ ಕೆಫೆಟೇರಿಯಾದ ಮೆಟ್ಟಿಲ ಮೇಲೆ ಕೂತು ಬೆವರುತ್ತಿದ್ದರು. ಪಕ್ಕದ ಟೈಲರ್ ಅಂಗಡಿಗಳ ಮಿಷನ್ ಸದ್ದಿಗೆ ಏಳುವುದು, ಟ್ಯಾಂಕರ್ ಹತ್ತುವುದು, ಮರಳುಗಾಡಿನ ತೋಟಗಳಿಗೆ ನೀರು ಮುಟ್ಟಿಸುವುದು. ಹಾಗೆ ನೀರು ಕೊಂಡೊಯ್ಯುತ್ತಿದ್ದ ತೋಟಗಳಲ್ಲಿ ಇದೂ ಒಂದು. ಇಲ್ಲಿನ ಹಿರಿಯ ಮಾಲೀಕರಿಗೆ ಕಾಡುಪ್ರಾಣಿಗಳ ಖಯಾಲಿ. ಬೇಲಿಯೊಳಗೆ ಜೀಬ್ರಾ, ಉಷ್ಟ್ರಪಕ್ಷಿ, ಜಿರಾಫೆ. ನೀರು ಬಿಟ್ಟು ಹೊರಡಬೇಕಾದ ಡ್ರೈವರು ಬೇಲಿಗೆ ಆತುಕೊಂಡು ನಿಂತೇ ಬಿಡುವುದನ್ನು ನೋಡಿ, "ಯಲ್ಲಾ, ಇಲ್ಲೇ ಇದ್ದುಬಿಡು" ಎಂದು ಅವರೇ ಕೆಲಸಕ್ಕಿಟ್ಟುಕೊಂಡರು.

ಐದು ವರ್ಷದ ಹಿಂದೆ ಇಲ್ಲೊಂದು ಜಿರಾಫೆ ಮರಿ ಹಾಕಿತು, ಆದರೆ ಹಾಲುಣಿಸಲು ಒಪ್ಪಲಿಲ್ಲ. ಹತ್ತಿರ ಬಂದ ಮರಿಯನ್ನು ಒದ್ದು ದೂಡಿತು. ಪಶುವೈದ್ಯ ಡಾ. ಸುಪ್ರೀತ್ ಮೈಸೂರಿನವರು. ಅವರು ಹಾಲಿನ ಬಾಟಲಿಯನ್ನು ಸಂಕಪ್ಪನವರ ಕೈಗೆ ಕೊಟ್ಟರು. ಅಂದಿನಿಂದ ತಾಯಿಯೂ ಇವರೇ, ಬಾಣಂತನ ಮಾಡಿದವರೂ ಇವರೇ. ಮರಿ ಬೆಳೆದಂತೆ ಬಾಟಲಿ ಹಿಡಿದ ಕೈ ಸ್ಟೂಲಿನಿಂದ ಏಣಿಗೆ, ಏಣಿಯಿಂದ ಟ್ಯಾಂಕರಿನ ನೆತ್ತಿಗೆ ಏರಿತು. ಸಿಮೆಂಟು ನೆಲ ಕಾಯುವ ಜುಲೈಯಲ್ಲಿ ಅದರ ಕಾಲಿಗೆ ತಾಸುಗಟ್ಟಲೆ ನೀರು ಬಿಡುತ್ತಾ ನಿಂತು ಇವರೇ ಎರಡು ಸಲ ಬಿಸಿಲಿಗೆ ಕುಸಿದಿದ್ದಾರೆ.

ಮೇವಿನ ಹೊತ್ತಿಗೆ ಅವರು ಕರೆಯುವ ರೀತಿಯೂ ಒಂದಿತ್ತು. ಬಕೆಟಿನ ತಳಕ್ಕೆ ಬಡಿದು, "ಬಲೆ ಜುಮಕ್ಕ, ಬಲೆ!" ತುಳುವಿನಲ್ಲಿ 'ಬಲ' ಎಂದರೆ ಬಾ, 'ಬಲೆ' ಎಂದರೆ ಬನ್ನಿ. ಮರಿಗೆ ಯಾಕೆ ಬಹುವಚನ ಎಂದರೆ ಸಂಕಪ್ಪ ನಗುತ್ತಾರೆ. "ಹುಟ್ಟಿದ ದಿನವೇ ನನಗಿಂತ ಎತ್ತರ ಇತ್ತು. ತಲೆ ಎತ್ತಿ ನೋಡ್ಬೇಕಾದವರಿಗೆ ಏಕವಚನ ಹೇಳ್ಲಿಕ್ಕೆ ಬಾಯಿ ಬರ್ಬೇಕಲ್ಲ?"

ಆ ಕರೆಯೇ ಕೊನೆಗೆ ಕುತ್ತಿಗೆಗೆ ಬಂತು. ಎರಡು ವರ್ಷದ ಹಿಂದೆ ಮಗಳು ಯಶ್ಮಿತಾಳ ಮದುವೆಗೆಂದು ಊರಿಗೆ ಹೋದರು. ಇಲ್ಲಿ ಜುಮಕ್ಕ ಮೇವು ಬಿಟ್ಟಿತು. ಬೇರೆಯವರು ಬಕೆಟ್ ಬಡಿದರು, ಬಗೆಬಗೆಯಾಗಿ ಕರೆದರು. ಉಹೂಂ. ಬೇಲಿಯ ಮೇಲೆ ಕುತ್ತಿಗೆ ಚಾಚಿ ಗೇಟು ನೋಡುತ್ತಾ ನಿಂತದ್ದು ನಿಂತೇ ಇತ್ತು. ಡಾಕ್ಟರ ಕರೆ ಬಂದದ್ದೇ ಸಂಕಪ್ಪ ಮದುವೆಯ ಮರುದಿನ ವಿಮಾನ ಹತ್ತಿದರು, ಬೀಗರ ಔತಣಕ್ಕೂ ನಿಲ್ಲಲಿಲ್ಲ. "ನಿಮಗೆ ಆ ಉದ್ದ ಕುತ್ತಿಗೆಯವಳೇ ಹೆಚ್ಚಾ ಅಂತ ಮನೆಯವಳು ಈಗಲೂ ಕೇಳ್ತಾಳೆ," ಎನ್ನುತ್ತಾರೆ.

ಈ ವರ್ಷ ಆ ಸಂಕಟ ಶಾಶ್ವತವಾಗಿ ಎದುರು ಬಂದು ನಿಂತಿತು. ಮಾಲೀಕರಿಗೆ ವಯಸ್ಸಾಗಿದೆ, ತೋಟ ಮುಚ್ಚುತ್ತಿದ್ದಾರೆ. ಪ್ರಾಣಿಗಳೆಲ್ಲ ಬರುವ ಜನವರಿಯಲ್ಲಿ ದೂರದ ಒಂದು ವಿಶಾಲ ಅಭಯಾರಣ್ಯಕ್ಕೆ ಹೋಗುತ್ತವೆ. ಅಲ್ಲಿ ಎತ್ತರದ ಕಂಬಗಳಲ್ಲಿ ಮೇವು ತೂಗಿಬಿಟ್ಟು ಹೋಗುತ್ತಾರೆ, ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಸಂಕಪ್ಪನವರ ವೀಸಾ ಕೂಡ ಅಷ್ಟರಲ್ಲೇ ಖಲಾಸ್. ಡಾ. ಸುಪ್ರೀತ್ ಮುಚ್ಚುಮರೆ ಮಾಡಲಿಲ್ಲ. "ಸಂಕಪ್ಪನವರೇ, ಇದು ನಿಮ್ಮನ್ನ ಬಿಟ್ಟು ತಿನ್ನೋದು ಕಲೀಬೇಕು ಕಣ್ರೀ. ಕಲೀದೇ ಹೋದ್ರೆ ಉಳಿಯೋದು ಕಷ್ಟ," ಎಂದರು. ಹೇಗೆ ಕಲಿಸುವುದೆಂದು ಅವರಿಗೂ ಗೊತ್ತಿರಲಿಲ್ಲ.

ತೋಟದಲ್ಲಿ ಇವರ ಜೊತೆಗಾರ ಥಿಯೋಡೋರ್ ಯುಗಾಂಡಾದವ. ಇಬ್ಬರ ನಡುವಿನ ಭಾಷೆ ಹಿಂದಿ, ಅರಬ್ಬಿ, ಇಂಗ್ಲಿಷ್ ಮೂರನ್ನೂ ಕಲಸಿದ ಒಂದು ಚಿತ್ರಾನ್ನ. ಅದಕ್ಕೆ ಒಗ್ಗರಣೆಯಾಗಿ ಥಿಯೋಡೋರ್ ಕಲಿತ 'ಎಂತ ಮಾರಾಯ'. ಕಳೆದ ಜೂನಿನಲ್ಲಿ ತಂಗಿಯ ಮದುವೆಗೆ ಹೊರಟ ಆತ ಸಂಕಪ್ಪನವರನ್ನೂ ಎಳೆದುಕೊಂಡು ಹೋದ. ನಾಲ್ಕೇ ದಿನದ ರಜೆ. ಜುಮಕ್ಕ ಉಪವಾಸ ಬೀಳದಿರಲೆಂದು ಸಂಕಪ್ಪ ತಮ್ಮ ಸ್ವರವನ್ನು ಮೊಬೈಲಿನಲ್ಲಿ ತುಂಬಿಸಿ ಡಾಕ್ಟರಿಗೆ ಕೊಟ್ಟು ಹೋಗಿದ್ದರು. ಹೊಟ್ಟೆ ಪೂರ್ತಿ ತುಂಬದಿದ್ದರೂ ಅದರಿಂದ ಜುಮಕ್ಕ ದಿನ ನೂಕಿತು.

ಮದುವೆ ಮುಗಿದ ಮೇಲೆ ಉಳಿದದ್ದು ಒಂದು ಬೆಳಗು. ಥಿಯೋಡೋರನ ಊರಿನ ಹತ್ತಿರವೇ ಎಂಬುರೋ ಸರೋವರದ ರಾಷ್ಟ್ರೀಯ ಉದ್ಯಾನ. ಆ ದೇಶದ ಚಿಕ್ಕ ಕಾಡುಗಳಲ್ಲಿ ಒಂದು. ಆನೆ ಇಲ್ಲ, ದೊಡ್ಡ ಹೆಸರೂ ಇಲ್ಲ. ಪಕ್ಕದ ಊರಿನವನಾದರೂ ಥಿಯೋಡೋರ್ ಕೂಡ ಅದರೊಳಗೆ ಕಾಲಿಟ್ಟಿರಲಿಲ್ಲ. ಮಾರುದ್ದ ಕೊಂಬಿನ ದನಗಳ ಹಿಂಡು ದಾಟಿ ವ್ಯಾನು ಗೇಟಿನೊಳಗೆ ಹೋಯಿತು. ದಾರಿ ತೋರಿಸಲು ಕಾಡಿನ ಕಾವಲುಗಾರನೊಬ್ಬ ಹತ್ತಿಕೊಂಡ.

ಒಳಗೆ ಹೋದದ್ದೇ ರಸ್ತೆಯ ಎರಡೂ ಬದಿಗೆ ಜೀಬ್ರಾಗಳು. ಒಂದೆರಡಲ್ಲ, ಕಣ್ಣು ಹೋದಷ್ಟು ದೂರ. ಸಂಕಪ್ಪ ಎದ್ದು ನಿಂತರು. ಅವುಗಳ ನಡುವೆ ಜಿಂಕೆಗಳು ಚಿಮ್ಮುತ್ತಿವೆ, ಕಾಡುಹಂದಿಗಳು ಮುಂಗಾಲು ಮಡಚಿ ಮೊಣಕಾಲೂರಿ ಹುಲ್ಲು ಮೇಯುತ್ತಿವೆ. ಕತಾರಿನ ಬೇಲಿಯೊಳಗೆ ಇಷ್ಟು ವರ್ಷ ಜೀಬ್ರಾಗಳ ಗೊರಸು ತೊಳೆದವರು ಬಾಯಿ ತೆರೆದು ಕಾವಲುಗಾರನನ್ನು ಕೇಳಿದ ಮೊದಲ ಪ್ರಶ್ನೆ: "ಇಷ್ಟಕ್ಕೆಲ್ಲ ಬರ್ಸೀಮ್ ಹಾಕುವುದು ಯಾರು?"

ಬರ್ಸೀಮ್ ಎಂದರೆ ಕೊಲ್ಲಿ ನಾಡಿನ ತೋಟಗಳಲ್ಲಿ ಹಾಕುವ ಹಸಿ ಮೇವು. ಥಿಯೋಡೋರ್ ನಗು ತಡೆದುಕೊಂಡು ಅನುವಾದಿಸಿದ. ಕಾವಲುಗಾರ ನಗಲಿಲ್ಲ. ಗಾಡಿ ನಿಲ್ಲಿಸಿ, ಕೈಯನ್ನು ಆ ಗುಡ್ಡದಿಂದ ಈ ಸರೋವರದವರೆಗೆ ನಿಧಾನವಾಗಿ ಬೀಸಿದ, ಅಷ್ಟೆ. ಸರೋವರದಲ್ಲಿ ಬಂಡೆಗಳೆಂದುಕೊಂಡದ್ದು ಉಸಿರು ಬಿಟ್ಟು ಮುಳುಗಿದವು. ನೀರುಕುದುರೆಗಳು! ದಡದ ಮರದ ಮೇಲಿನ ಹದ್ದು ಒಮ್ಮೆ ಕೂಗಿದ ಸದ್ದು ನೀರಿನ ಆಚೆ ದಡಕ್ಕೆ ಹೋಗಿ ಬಂತು. "ದೈವದ ಎದುರು ನಿಂತ ಹಾಗೆ ಆಯ್ತು ನನಗೆ," ಎನ್ನುತ್ತಾರೆ ಸಂಕಪ್ಪ. "ಚಪ್ಪಲಿ ತೆಗ್ದುಬಿಟ್ಟೆ. ವ್ಯಾನಿನ ಒಳಗೆ! ಯಾಕೆ ಅಂತ ಕೇಳಿದ್ರೆ ಹೇಳ್ಲಿಕ್ಕೆ ಗೊತ್ತಿಲ್ಲ."

ಆಮೇಲೆ ಜಾಲಿಮರಗಳ ಮೇಲಿಂದ ಒಂದು ತಲೆ ಎದ್ದಿತು. ಅದೇ ಕಣ್ಣು, ಅದೇ ರೆಪ್ಪೆ, ಅದೇ ಕಪ್ಪು ನಾಲಗೆ. ಸಂಕಪ್ಪ ಮೈಮರೆತರು. ವ್ಯಾನಿನ ತಗಡಿಗೆ ಎರಡು ಸಲ ಬಡಿದು ಗಂಟಲೆತ್ತಿ ಕೂಗಿಯೇ ಬಿಟ್ಟರು: "ಬಲೆ! ಬಲೆ!"

ಕಾವಲುಗಾರ ಹೌಹಾರಿ ಅವರ ಭುಜ ಹಿಡಿದು ಕೂರಿಸಿದ. ಕಾಡಿನಲ್ಲಿ ಪ್ರಾಣಿಗಳನ್ನು ಕರೆಯುವಂತಿಲ್ಲ. ಆದರೆ ಜಿರಾಫೆಗೆ ಗಾಬರಿಯಾಗಲಿಲ್ಲ. ಇವರ ಕಡೆ ಒಮ್ಮೆ ನೋಡಿತು. ಮರವನ್ನೋ ಕಲ್ಲನ್ನೋ ನೋಡುವಷ್ಟೇ ಹೊತ್ತು. ಆಮೇಲೆ ಮುಳ್ಳುಗಳ ನಡುವೆ ನಾಲಗೆ ತೂರಿಸಿ ತನ್ನ ಎಲೆ ತಾನು ಕಿತ್ತುಕೊಂಡಿತು. ಥಿಯೋಡೋರ್ ಬಿದ್ದು ಬಿದ್ದು ನಕ್ಕ. ತಿರುಗಿ ನೋಡಿದರೆ ಸಂಕಪ್ಪ ಅಳುತ್ತಿದ್ದಾರೆ.

"ಬೇಜಾರಿಗಲ್ಲ," ಎಂದು ಈಗ ವಿವರಿಸುತ್ತಾರೆ. "ಎಷ್ಟು ಚಂದ ಇತ್ತು ಗೊತ್ತುಂಟಾ ಅದು, ನನ್ನನ್ನು ಲೆಕ್ಕಕ್ಕೇ ತಗೊಳ್ಳದೆ ನಿಂತದ್ದು! ನಮ್ಮ ಜುಮಕ್ಕ ಅಷ್ಟು ಚಂದ ನಿಂತದ್ದು ನಾನು ಒಂದು ದಿನವೂ ನೋಡ್ಲಿಲ್ಲ. ಅದಕ್ಕೆ ಯಾವಾಗಲೂ ನನ್ನ ಕೈ ನೋಡುವುದೇ ಕೆಲಸ. ಪ್ರೀತಿ ಪ್ರೀತಿ ಅಂತ ನಾನು ಅದರ ಕುತ್ತಿಗೆ ಕೆಳಗೆ ಎಳೆದೆ, ಅಲ್ವಾ?"

ಸರೋವರದ ದಡದಲ್ಲಿ ಕಾವಲುಗಾರ ಇನ್ನೊಂದು ಮಾತು ಹೇಳಿದ. ಆ ಕಾಡಿನಲ್ಲಿ ಮೊದಲು ಜಿರಾಫೆಗಳೇ ಇರಲಿಲ್ಲವಂತೆ. ಕೆಲವು ವರ್ಷಗಳ ಹಿಂದೆ ಉತ್ತರದ ಕಾಡೊಂದರಿಂದ ಲಾರಿಯಲ್ಲಿ ತಂದು ಬಿಟ್ಟವು ಇವು. ಅವು ಕಾಡಿನಲ್ಲೇ ಹುಟ್ಟಿದವು, ಜುಮಕ್ಕ ಬಾಟಲಿ ಹಾಲಿನದು ಎಂಬ ವ್ಯತ್ಯಾಸ ಸಂಕಪ್ಪನವರಿಗೂ ಗೊತ್ತು. ಆದರೂ ಲಾರಿಯಲ್ಲಿ ಬಂದವೂ ಹೊಸ ಕಾಡಿನಲ್ಲಿ ಬದುಕುತ್ತವೆ ಎಂಬ ಮಾತು ಅವರ ಮನಸ್ಸಿನಲ್ಲಿ ನಾಟಿಕೊಂಡಿತು. ಅಷ್ಟರಲ್ಲಿ ಬಿಸಿಲೇರಿತ್ತು, ಸಫಾರಿ ಮುಗಿದಿತ್ತು.

ಮರಳಿ ಬಂದವರು ನಜ್ಮಾದ ಹಾರ್ಡ್‌ವೇರ್ ಅಂಗಡಿಯಲ್ಲಿ ರಾಟೆ ಕೊಂಡರು. ಅಂದಿನಿಂದ ಕರೆಯುವುದು ಬಂದ್. ಮೊದಲ ದಿನಗಳು ನರಕ. ಎಲೆಯ ಕಟ್ಟು ತಲೆಯ ಮೇಲೇ ತೂಗುತ್ತಿದ್ದರೂ ಜುಮಕ್ಕ ಗೇಟಿನ ಕಡೆಗೇ ನೋಡುತ್ತಾ ನಿಂತಿತು. ಪಕ್ಕೆಲುಬು ಕಾಣತೊಡಗಿದವು. ಟ್ಯಾಂಕರಿನ ಹಿಂದೆ ಕೂತ ಸಂಕಪ್ಪ ಬಾಯಿಗೆ ಟವೆಲು ತುರುಕಿಕೊಳ್ಳುತ್ತಿದ್ದರು, ತಪ್ಪಿ ಕೂಗಿಬಿಟ್ಟೇನೆಂಬ ಹೆದರಿಕೆಗೆ. "ನಾನೇ ಅದನ್ನು ಕೊಲ್ತಾ ಇದ್ದೇನಾ ಅಂತ ಆಗ್ತಿತ್ತು," ಎನ್ನುತ್ತಾರೆ. ಡಾಕ್ಟರು ದಿನಾ ಬಂದು ನೋಡಿ, ಇನ್ನೊಂದು ದಿನ ತಡೆಯೋಣ ಎನ್ನುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ಗಾಳಿಗೆ ಕೊಂಬೆಯೊಂದು ಅದರ ಮೂತಿಗೆ ತಾಗಿತು. ಒಂದು ಎಲೆ ಬಾಯಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಥಿಯೋಡೋರ್ ಅಂದು ಇಡೀ ತೋಟ ಸುತ್ತಿ ಕುಣಿದನಂತೆ.

ಇವತ್ತಿನ ಬೆಳಗಿನಲ್ಲಿ ಸೂರ್ಯ ಮಂಜಿನಿಂದ ಈಚೆ ಬಂದಿದ್ದಾನೆ. ಜುಮಕ್ಕ ಕಂಬದ ಹತ್ತಿರ ಬರುತ್ತದೆ. ಗೇಟಿನ ಕಡೆ ನೋಡುವುದಿಲ್ಲ. ಕುತ್ತಿಗೆ ಪೂರ್ತಿ ಮೇಲೆ ಚಾಚಿದಾಗ ಅದರ ಎತ್ತರ ಎಷ್ಟೆಂದು ಮೊದಲ ಸಲ ತಿಳಿಯುತ್ತದೆ. ಬಿಸಿಲು ಮೈಮೇಲಿನ ಒಂದೊಂದೇ ಮಚ್ಚೆಯನ್ನು ಬೆಳಗಿಸುತ್ತಾ ಕೆಳಗಿಳಿಯುತ್ತದೆ. ಅದು ಎಲೆ ಕಿತ್ತುಕೊಳ್ಳುತ್ತದೆ, ಅಗಿಯುತ್ತದೆ, ದೂರದ ಸಮುದ್ರ ನೋಡುತ್ತದೆ. ಸಂಕಪ್ಪನವರ ಕಣ್ಣು ತುಂಬಿದೆ, ಮುಖ ಮಾತ್ರ ಮಗಳ ಮದುವೆಯ ದಿನದ ಅಪ್ಪನ ಮುಖ.

ಇನ್ನೇನು ಆಸೆ ಉಂಟು ಎಂದು ಕೇಳಿದರೆ ಟ್ಯಾಂಕರಿನ ಮೈಮೇಲಿನ ಹನಿಗಳನ್ನು ಅಂಗೈಯಿಂದ ಒರೆಸುತ್ತಾರೆ.

"ಹೊರಡುವ ದಿನ ಒಂದು ಸಲ ಎದುರಿಗೆ ಹೋಗ್ಬೇಕು ಅಂತ ಉಂಟು," ಎನ್ನುತ್ತಾರೆ. "ಊರಲ್ಲಿ ಮನೆಯಿಂದ ಹೊರಡುವಾಗ ನಾವು ಹೋಗ್ತೇನೆ ಅಂತ ಹೇಳುವುದಿಲ್ಲ, ಗೊತ್ತುಂಟಲ್ಲ? ಬರ್ತೇನೆ ಅಂತ ಹೇಳುವುದು. ಕತಾರಿಗೆ ಬರುವಾಗಲೂ ಅಮ್ಮನಿಗೆ ಹಾಗೇ ಹೇಳಿದ್ದು. ಇದಕ್ಕೆ ಮಾತ್ರ ಹಾಗೆ ಹೇಳ್ಬಾರ್ದು. ಬರ್ತೇನೆ ಅಂದ್ರೆ ಇದು ಕಾಯ್ತದೆ. ಹೋಗ್ತೇನೆ ಅಂತಲೇ ಹೇಳ್ತೇನೆ."