ಬಾಟಲಿಗೆ ಕಟ್ಟಿದ ಟ್ಯೂಬಿನ ಪಟ್ಟಿ

ಸಂಜೆ ಐದೂಮುಕ್ಕಾಲಿಗೆ ಅದು ಶುರುವಾಯಿತು. ನನ್ನ ಹಳೆ ಗಿರಾಕಿಯೊಬ್ಬರು ಗೋಡೆ ಗಡಿಯಾರದ ಕೆಳಗೇ ಕುಳಿತಿದ್ದರು, ಹಾಗಾಗಿ ಹೊತ್ತನ್ನು ಮರೆಯಲಾಗುತ್ತಿಲ್ಲ.

ಕಡಬದಲ್ಲಿ ನನ್ನ ಬಾರ್ ನಡೆಯುತ್ತಿದ್ದದ್ದು ಒಂದು ಕಪಾಟಿನಿಂದ. ಅರ್ಧ ಕುಡಿದ ಬಾಟಲಿಯನ್ನು ಗಿರಾಕಿ ಅದರಲ್ಲಿಟ್ಟು ಹೋಗಬಹುದು, ಮರುದಿನ ಬಂದು ತಾನೇ ತೆಗೆದುಕೊಳ್ಳಬಹುದು. ಬಾಟಲಿ ಇಲ್ಲಿರುವಾಗ ಮನುಷ್ಯ ಬೇರೆ ಬಾರಿಗೆ ಹೋಗುವುದಿಲ್ಲ. ನಾನು ಬಿ.ಕಾಂ. ಓದಿದವನು, ವ್ಯಾಪಾರದ ಈ ಗುಟ್ಟು ಪಠ್ಯದಲ್ಲಿರಲಿಲ್ಲ. ಗಿರಾಕಿಗಳು ಕಪಾಟನ್ನು ಲಾಕರ್ ಎನ್ನುತ್ತಿದ್ದರು, ಆದರೆ ಅದಕ್ಕೆ ಬೀಗವಿರಲಿಲ್ಲ. ಗುರುತಿಗೆ ಒಬ್ಬರು ನೂಲು ಸುತ್ತುತ್ತಿದ್ದರು, ಇನ್ನೊಬ್ಬರು ಬಾಟಲಿಯ ಮೇಲಿನ ಚೀಟಿಯ ಮೂಲೆ ಹರಿಯುತ್ತಿದ್ದರು. ತನ್ನದಲ್ಲದ ಬಾಟಲಿಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಗಡಿಯಾರದ ಕೆಳಗೆ ಕುಳಿತವರು ಬಾಡಿಗೆ ಜೀಪು ಓಡಿಸುತ್ತಿದ್ದ ಹಿರಿಯರು, ದಿನವೂ ಬರುತ್ತಿದ್ದರು. ಅವರ ವೋಡ್ಕಾ ಬಾಟಲಿಯ ಕುತ್ತಿಗೆಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ. ಅಂದು ಅವರಿಗೆ ಜೋರು ನೆಗಡಿ, ಮೂಗು ಪೂರ್ತಿ ಕಟ್ಟಿತ್ತು. ಪಟ್ಟಿ ಕಟ್ಟಿದ ಬಾಟಲಿ ತೆಗೆದು ಗ್ಲಾಸಿಗೆ ಬಗ್ಗಿಸಿ, ಸೋಡಾ ಬೆರೆಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿಹೋಯಿತು.

“ಎಂತ ಮುಖ ಅದು! ಸೋಡಾ ಹೆಚ್ಚಾಯ್ತಾ ಮಾರಾಯ್ರೆ?” ಪಕ್ಕದ ಮೇಜಿನವರು ನಕ್ಕರು.

ಅಷ್ಟರಲ್ಲಿ ಕೈ ತೊಳೆದು ಬಂದ, ಕೋಡಿಂಬಾಳದಲ್ಲಿ ರಬ್ಬರ್ ಮರದ ಹಾಲು ಇಳಿಸುವ ಟ್ಯಾಪರ್ ಒಬ್ಬ ಕಿರುಚಿದ: “ಉಗೀರಿ! ಉಗೀರಿ! ಅದು ನನ್ನ ಆಸಿಡ್!”

ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡನ್ನು ಅವನು ಖಾಲಿ ವೋಡ್ಕಾ ಬಾಟಲಿಯಲ್ಲಿ ಕೊಂಡು ತಂದಿದ್ದ. ಮುಚ್ಚಳ ಸೋರದಂತೆ ಟ್ಯೂಬಿನ ಪಟ್ಟಿ ಬಿಗಿದಿದ್ದ. ಮೇಜಿನ ಮೇಲಿದ್ದರೆ ಯಾರಾದರೂ ಕುಡಿದಾರೆಂದು ಹೆದರಿ, ಯಾರೂ ಮುಟ್ಟದ ಜಾಗ ಎಂದು ಕಪಾಟಿನಲ್ಲಿಟ್ಟಿದ್ದ.

ಅವರು ಉಗಿದರು. ಆದರೆ ಸ್ವಲ್ಪ ಒಳಗೆ ಹೋಗಿತ್ತು. ಬಾಯಿ ತೊಳೆಸಿ ನನ್ನ ಕಾರಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಕೊಯಿಲ ದಾಟುವಾಗ ಅವರು ನನ್ನ ತೋಳು ಹಿಡಿದರು. ಏನೋ ಹೇಳಲು ನೋಡಿದರು, ಸ್ವರ ಬರಲಿಲ್ಲ. ಗಂಟಲು ಬಾತಿದೆ, ಉಸಿರಿಗೆ ತೊಂದರೆಯಾದರೆ ಕಷ್ಟ ಎಂದರು ಡಾಕ್ಟರು.

ನಾನು ಕಪಾಟು ಮುಚ್ಚಿಬಿಟ್ಟೆ. “ಲಾಕರ್ ಬಂದ್ ಮಾಡಿದ್ರಾ ಧಣಿ? ಇನ್ನು ಇಲ್ಲಿಗೆ ಬರುದು ಯಾಕೆ?” ಎಂದು ಕೆಲವರು ಬೇರೆ ಬಾರ್ ಹಿಡಿದರು. ನನಗೂ ಅವರನ್ನು ವಾಪಸ್ ಕರೆಯುವ ಉಮೇದು ಇರಲಿಲ್ಲ. ಮಲಗಿದರೆ ಅದೇ ಗುಟುಕು. ಕನಸಿನಲ್ಲಿ ಟ್ಯಾಪರ್ ಕೈ ತೊಳೆಯುತ್ತಲೇ ಇರುತ್ತಿದ್ದ, ಜೀಪಿನವರು ಎರಡನೆಯ ಗುಟುಕಿಗೆ ಗ್ಲಾಸು ಎತ್ತುತ್ತಿದ್ದರು. ಬೆವರಿ ಏಳುತ್ತಿದ್ದೆ. ಅವರು ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದ ಮೇಲೂ ಅದು ನಿಲ್ಲಲಿಲ್ಲ. ಅವರ ಸ್ವರ ಮರಳಿದ್ದನ್ನು ಕಿವಿಯಾರೆ ಕೇಳಬೇಕಿತ್ತು. ಆದರೆ ಅವರ ಮನೆಗೆ ಹೋಗಲು ಧೈರ್ಯವಿರಲಿಲ್ಲ.

ಒಂದು ಮಧ್ಯಾಹ್ನ ಅವರೇ ಬಂದರು. ತೆಳ್ಳಗಾಗಿದ್ದರು. ಗಡಿಯಾರದ ಕೆಳಗೆ ಕುಳಿತು, ಗರಗಸ ಎಳೆದಂಥ ಸ್ವರದಲ್ಲಿ ಕೇಳಿದರು: “ನನ್ನದು ಉಂಟಾ?”

ಒಳಗೆ ಬೀಗ ಹಾಕಿಟ್ಟಿದ್ದ ಅವರ ಬಾಟಲಿ ತಂದಿಟ್ಟೆ. ಅವರು ಪಟ್ಟಿ ಬಿಚ್ಚಿ ಕಿಸೆಗೆ ಹಾಕಿಕೊಂಡರು.

“ಇದನ್ನು ಚೆಲ್ಲಿ. ಡಾಕ್ಟ್ರು ಬೇಡ ಹೇಳಿದ್ದಾರೆ. ಒಂದು ಮಜ್ಜಿಗೆ ಕೊಡಿ, ಖಾರ ಹಾಕ್ಬೇಡಿ.” ಬಾಗಿಲ ಹೊರಗೆ ಟ್ಯಾಪರ್ ತಲೆ ತಗ್ಗಿಸಿ ನಿಂತಿದ್ದ. ಅವರು ಅವನನ್ನು ಕರೆದರು: “ನೀನೂ ಬಾ ಮಾರಾಯ. ಆಸಿಡ್ ಹೊರಗಿಟ್ಟು ಬಾ.”

ಬಾರಿನಲ್ಲಿ ಮಜ್ಜಿಗೆ ಇರಲಿಲ್ಲ. ಎದುರಿನ ಹೋಟೆಲಿಂದ ನಾನೇ ತಂದೆ. ಅವರು ನಿಧಾನವಾಗಿ ನುಂಗುವುದನ್ನು ಗ್ಲಾಸು ಖಾಲಿಯಾಗುವವರೆಗೂ ನೋಡಿದೆ.

ಮರುದಿನ ಹಾಲಿನವನ ಗಂಟೆಯೇ ನನ್ನನ್ನು ಎಬ್ಬಿಸಿತು. ರಾತ್ರಿ ಎಚ್ಚರವೇ ಆಗಿರಲಿಲ್ಲ.