ಪಲ್ಲೆದಾಕಿ ಕೊಟ್ಟದ್ದು

ಮೊನ್ನೆ ಬೆಟಗೇರಿ ಸಂತೆಯಲ್ಲಿ ಒಬ್ಬಾಕೆ ಗೋಣಿಚೀಲದ ಮೇಲೆ ಹಕ್ಕರಿಕೆ ಸೊಪ್ಪು ಸುರಿದುಕೊಂಡು ಕೂತಿದ್ದಳು. ಬೇರಿಗೆ ಎರೆಮಣ್ಣು ಹಾಗೇ ಅಂಟಿತ್ತು. ಒಂದು ಎಲೆ ಮುರಿದು ನೋಡಿದೆ. ಬಿಳಿ ಹಾಲು ಒಸರಿತು, ಅದರ ಹಿಂದೆಯೇ ಆ ಕಹಿ ವಾಸನೆ ಬಂತು... "ತಗೋತೀರೋ, ಬರೇ ಮೂಸಿ ನೋಡ್ತೀರೋ?" ಅಂದಳು ಆಕೆ. ತಗೊಂಡೆ. ಆದರೆ ಮನೆ ಮುಟ್ಟುವ ತನಕ ನನ್ನ ಕಿವಿಯಲ್ಲಿ ಇದ್ದದ್ದು ಈಕೆಯ ದನಿಯಲ್ಲ, ಇನ್ನೊಬ್ಬಳದು.

ಅವಳ ಊರು ಹುಲಕೋಟಿಯಿಂದ ಸ್ವಲ್ಪ ಆಚೆ. ಮೊದಲನೇ ಬಸ್ಸಿಗೆ ಸೊಪ್ಪಿನ ಬುಟ್ಟಿ ಏರಿಸಿಕೊಂಡು ಬಂದು, ನಮ್ಮ ಓಣಿಯಲ್ಲಿ ಹಾಲು ಕಾಯುವ ಹೊತ್ತಿಗೆ ಕೂಗು ಹಾಕುತ್ತಿದ್ದಳು. ಹೆಸರು ಏನೋ ಇದ್ದೀತು, ನಾವು ಯಾರೂ ಕೇಳಲಿಲ್ಲ. ಎಲ್ಲರಿಗೂ ಅವಳು ಪಲ್ಲೆದಾಕಿ. ಎದುರಿಗೆ ಮಾತ್ರ 'ಯಕ್ಕಾ' ಅನ್ನುತ್ತಿದ್ದೆವು. ಬಾಯಿ ಅಂದರೆ ಬಾಯಿ! ಚೌಕಾಶಿ ಮಾಡಿದರೆ ಬುಟ್ಟಿ ಎತ್ತಿಕೊಂಡೇ ಬಿಡುವಳು. ಬರೀ ಪಾಲಕ ಕೇಳಿದವರಿಗೆ, "ನೀವು ಪ್ಯಾಟಿ ಮಂದಿ, ಎಲಿ ಅಗಲ ಇದ್ರ ಸಾಕು ನಿಮಗ" ಅಂತ ಚುಚ್ಚುವಳು. ಇಷ್ಟೆಲ್ಲ ಬೈದರೂ ವ್ಯಾಪಾರ ಮುಗಿದ ಮೇಲೆ ಕೇಳದೆಯೇ ಒಂದು ಹಿಡಿ ಕೊಸರು ಹಾಕುತ್ತಿದ್ದಳು. ಬದುವಿನಲ್ಲಿ ತಾನಾಗಿ ಬೆಳೆದ ಹಕ್ಕರಿಕೆ, ಬೇರುಸಮೇತ. ಅದಕ್ಕೆ ದುಡ್ಡು ಹಿಡಿಯುತ್ತಿರಲಿಲ್ಲ.

ಇನ್ನೊಂದು ಕಟ್ಟುಪಾಡು ಇತ್ತು ಅವಳದು. ಬೋಣಿಗೆ ಆಗುವ ತನಕ, ಅಂದರೆ ದಿನದ ಮೊದಲ ವ್ಯಾಪಾರ ಕೈಗೆ ಬೀಳುವ ತನಕ, ಸುಳ್ಳಾಡುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯವರು ಮೆಂತ್ಯೆ ಇವತ್ತಿನದೇನು ಅಂತ ಕೇಳಿದರು. "ನಿನ್ನೀದ್ರಿ" ಅಂದಳು. ಅವರು ಕೈಬಿಟ್ಟು ಹೋದರು. ನಾನು ನಕ್ಕೆ. "ನಗಬ್ಯಾಡ ಬೇ. ಬೋಣಗಿ ಆದಮ್ಯಾಲೆ ಕೇಳಿದ್ರ ಇವತ್ತಿಂದ ಅಂತಿದ್ದೆ" ಅಂತ ತಾನೂ ನಕ್ಕಳು.

ಅವಳ ಬೋಣಿಗೆ ಹೆಚ್ಚಾಗಿ ನಮ್ಮ ಮನೆಯದೇ. ಕೊಳ್ಳುವವರು ನಮ್ಮತ್ತೆ. ನಾನು ಬೆಳಗಾದರೆ ಹೊಲಿಗೆ ಮಷಿನ್ನಿನ ಮುಂದೆ. ಓಣಿಯ ಹೆಣ್ಣುಮಕ್ಕಳ ಜಂಪರು ಹೊಲಿಯುವುದೇ ನನ್ನ ಕೆಲಸ. ನಮ್ಮವರು ಲಕ್ಷ್ಮೇಶ್ವರದಲ್ಲಿ ಹತ್ತಿ ಜಿನ್ನಿನ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ಅತ್ತೆ, ನಾನು, ಮತ್ತೆ ಹಿತ್ತಲಿನ ಆಮೆ.

ಆ ಆಮೆಯನ್ನು ತಂದವರು ನಮ್ಮ ಮಾವ. ಶಿರಹಟ್ಟಿ ಕಡೆಯ ಹೊಲದಲ್ಲಿ ಕುಂಟೆಗೆ ಸಿಕ್ಕಿ ಚಿಪ್ಪು ತರಚಿತ್ತಂತೆ. ಟವೆಲಿನಲ್ಲಿ ಸುತ್ತಿಕೊಂಡು ಬಂದು ಹಿತ್ತಲಿಗೆ ಬಿಟ್ಟರು. ಅದನ್ನು ಸಾಕುವುದು ಅಪರಾಧ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ನೇಮ ಹಿಡಿದರು. ಆಮೆ ಉಂಡ ಮೇಲೆಯೇ ತಾವು ಉಣ್ಣುವುದು. ದಿನಾ ಸೆರಗಿನಲ್ಲಿ ಏನೋ ಸೊಪ್ಪು ಮುಚ್ಚಿಕೊಂಡು ಹಿತ್ತಲಿಗೆ ಹೋಗುವರು. ಸ್ವಲ್ಪ ಹೊತ್ತಿಗೆ, "ಮುದುಕಪ್ಪಂದು ಆತು, ನನಗ ಹಾಕು" ಅಂತ ಬಂದು ಕೂಡುವರು. ನಾನು ಆ ಸೊಪ್ಪು ಯಾವುದು ಅಂತ ಒಂದು ದಿನವೂ ನೋಡಲಿಲ್ಲ. ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಏಳು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದರು. ಆಸ್ಪತ್ರೆಯ ಓಡಾಟದಲ್ಲಿ ಆಮೆಯ ನೆನಪು ನನಗೆ ಬಂದಿರಲೇ ಇಲ್ಲ. ಬೀದಿ ಕಿಟಕಿಯ ಪಕ್ಕ ಮಂಚ ಹಾಕಿ ಮಲಗಿಸಿದೆವು. ಆಸ್ಪತ್ರೆಯಲ್ಲಿ ಇಲ್ಲದಿದ್ದ ನೇಮ, ಹೊಸ್ತಿಲು ದಾಟಿದ ಮರುದಿನವೇ ಶುರುವಾಯಿತು.

"ಅತ್ತೀ, ಮುದುಕಪ್ಪಗ ಏನ ಹಾಕಬೇಕ್ರಿ?" ಅಂತ ಕೇಳಿದೆ.

"ಪಲ್ಲೆದಾಕಿ ಕೊಟ್ಟದ್ದ ಹಾಕವಾ, ಅಷ್ಟ."

ಸರಿ. ಅವಳಿಂದ ಒಂದು ಸಿವುಡು ಪಾಲಕ ಕೊಂಡೆ. ತೊಳೆದು, ಸಣ್ಣಗೆ ಹೆಚ್ಚಿ, ಸ್ಟೀಲ್ ತಾಟಿನಲ್ಲಿ ಹಾಕಿ, ಮದುಮಗನಿಗೆ ಬಡಿಸಿದ ಹಾಗೆ ಆಮೆಯ ಮುಂದಿಟ್ಟೆ. ಅದು ಕುತ್ತಿಗೆ ಚಾಚಿತು, ನೋಡಿತು, ಮುಖ ತಿರುಗಿಸಿತು. ಮೆಂತ್ಯೆ ಇಟ್ಟೆ. ಕೊತ್ತಂಬರಿ ಇಟ್ಟೆ. ರಾಜಗಿರಿ ಇಟ್ಟೆ. ಪುಂಡಿಪಲ್ಲೆಯನ್ನು ಕಾಲಿನಿಂದ ತುಳಿದುಕೊಂಡೇ ಹೋಯಿತು. ಅಯ್ಯ ಶಿವನೇ, ಬೀಗರೂ ಇಷ್ಟು ಬಿಗುಮಾನ ಮಾಡುವುದಿಲ್ಲ!

ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಹಂಗಾರ ನನಗೂ ಬ್ಯಾಡ" ಅಂದರು. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ನುಂಗಿಬಿಟ್ಟಿದ್ದರು. ಗುಳಿಗೆ ಊಟವಲ್ಲ ನೋಡಿ, ನೇಮಕ್ಕೆ ಅಡ್ಡಿಯಿಲ್ಲ! ಹನ್ನೊಂದರ ಹೊತ್ತಿಗೆ ಮೈಯೆಲ್ಲ ತಣ್ಣನೆ ಬೆವರು, ಕೈಕಾಲು ನಡುಕ, ಮಾತು ತೊದಲು. ಸಕ್ಕರೆ ನೀರು ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ಕಣ್ಣು ತೆರೆದರು. ಉಳಿದ ದಿನವೆಲ್ಲ ಹಾಲಿನ ಮೇಲೆ ಕಳೆದರು. ಎಷ್ಟು ಕೈಮುಗಿದರೂ ರೊಟ್ಟಿ ಮುಟ್ಟಲಿಲ್ಲ.

ಮರುದಿನ ನಾನು ಸುಳ್ಳು ಹೇಳಿದೆ. ತಾಟಿನಲ್ಲಿದ್ದ ಸೊಪ್ಪನ್ನು ಹಿಂದಿನ ಮನೆಯ ಆಡಿಗೆ ಹಾಕಿ, ಬರಿದಾದ ತಾಟು ಹಿಡಿದುಕೊಂಡು ಒಳಗೆ ಬಂದು, "ತಿಂತ್ರಿ ಅತ್ತೀ, ಖರೇನ ತಿಂತು" ಅಂದೆ. ಅವರು ಉಂಡರು. ನನಗೆ ಹೋದ ಜೀವ ಬಂತು. ಬಂದ ಜೀವ ನಿಲ್ಲಲಿಲ್ಲ. ಹೊರಗೆ ಆಮೆ ಉಪವಾಸ, ಒಳಗೆ ಮುದುಕಿಯ ನೇಮವನ್ನು ನಾನೇ, ಅವರಿಗೆ ತಿಳಿಯದ ಹಾಗೆ, ಮುರಿದು ಹಾಕಿದ್ದೆ. ಇನ್ನು ಆಮೆ ಏನು ತಿನ್ನುತ್ತದೆ ಅಂತ ಕೇಳುವ ದಾರಿಯೂ ಮುಚ್ಚಿತು. ತಿಂದಿದೆ ಅಂದ ಬಾಯಿಂದಲೇ ಹೇಗೆ ಕೇಳಲಿ? ಪಲ್ಲೆದಾಕಿಯನ್ನು ಕೇಳೋಣವೆಂದರೆ ಅವಳ ಗುಟ್ಟು ಅಂದರೆ ಡಂಗುರ. ಕಿಟಕಿಯ ಪಕ್ಕದಲ್ಲೇ ಅತ್ತೆಯ ಮಂಚ.

ಮೂರನೇ ದಿನವೂ ಅದೇ ಸುಳ್ಳು. ಅವತ್ತು ಕೊಸರು ಹಾಕಿದ ಹಕ್ಕರಿಕೆ ಚೆನ್ನಾಗಿತ್ತು. ಮುಂಡರಗಿಯಲ್ಲಿ ನನ್ನ ತವರಲ್ಲಿ ಅದನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಕಡಿಯುತ್ತಿದ್ದೆವು. ಅತ್ತೆಗೆ ನಾಲಿಗೆ ಕೆಟ್ಟಿದೆ, ರುಚಿ ಹತ್ತಲಿ ಅಂತ ನಾಲ್ಕು ಎಸಳು ತೊಳೆದು, ಗುರೆಳ್ಳು ಚಟ್ನಿಯ ಜೊತೆ ತಾಟಿಗಿಟ್ಟೆ.

"ಇದು ಎಲ್ಲೀದವಾ?" ಅಂದರು.

"ಪಲ್ಲೆದಾಕಿ ಕೊಸರು ಹಾಕಿದ್ಲ್ರಿ."

ಎಲೆಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. ಆಮೇಲೆ ರೊಟ್ಟಿಯಲ್ಲಿ ಮಡಚಿಕೊಂಡು ಉಂಡರು. ತಾಟು ಖಾಲಿಯಾಯಿತಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ನಾಲ್ಕನೇ ದಿನ ನಾನು ಹಿತ್ತಲಲ್ಲಿ ಆಮೆಯನ್ನು ಎತ್ತಿ ನೋಡುತ್ತಿದ್ದೆ. ಕೈಗೆ ಹಗುರಾಗಿತ್ತು. ಬೀದಿಯಲ್ಲಿ ಪಲ್ಲೆದಾಕಿಯ ದನಿ ಕೇಳಿತು, ಆಮೇಲೆ ಕಿಟಕಿಯ ಹತ್ತಿರ ಏನೋ ಗುಸುಗುಸು. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅತ್ತೆ ದೊಡ್ಡ ದನಿಯಲ್ಲಿ, "ಯವ್ವಾ, ಹಿತ್ತಲಕ ಹೋಗಿ ನೋಡಿ ಬಾ. ನಮ್ಮ ಮುದುಕಪ್ಪ ಉಂಡಾನೋ ಇಲ್ಲೋ ನೀ ಹೇಳು. ನಿಂದಿನ್ನ ಬೋಣಗಿ ಆಗಿಲ್ಲ, ನೀ ಹೇಳಿದ್ದ ಖರೆ" ಅಂದರು.

ಪಲ್ಲೆದಾಕಿ ಆಗಲೇ ಬುಟ್ಟಿ ಹೊತ್ತುಕೊಂಡು ಪಡಸಾಲೆ ದಾಟಿದ್ದಳು. ನಾನು ಡಬ್ಬಿಯಿಂದ ಸಿಕ್ಕ ನೋಟು ಎಳೆದುಕೊಂಡು ಅವಳ ಹಿಂದೆ ಓಡಿದೆ. ಹಿತ್ತಲ ಬಾಗಿಲಲ್ಲಿ ಅಡ್ಡಗಟ್ಟಿ, ಅವಳ ಕೈಗೆ ನೋಟು ತುರುಕಿ, ಬುಟ್ಟಿಯಿಂದ ಕೈಗೆ ಬಂದ ಸಿವುಡು ಕಿತ್ತುಕೊಂಡೆ.

"ಆತಲ್ರಿ ಯಕ್ಕಾ ಬೋಣಗಿ? ಇನ್ನ ಉಂಡೈತಿ ಅಂತ ಹೇಳ್ರಿ. ನಿಮ್ಮ ಕಾಲ ಬೀಳ್ತೀನಿ."

ಅವಳು ನೋಟನ್ನು ಕಣ್ಣಿಗೊತ್ತಿಕೊಂಡು ಸಂಚಿಗೆ ಹಾಕಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಭಲೆ! ಸುಳ್ಳಿಗೂ ನನ್ನ ಕೈಲೆ ಬೋಣಗಿ ಮಾಡಸ್ತೀಯಲ್ಲ ಬೇ!"

ನಾನು ಅತ್ತೇಬಿಟ್ಟೆ. ಬೆವರಿದ್ದು, ನಡುಗಿದ್ದು, ತಾಟು, ಆಡು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆಶ್ಚರ್ಯ ಅಂದರೆ ಅವಳು ಅವತ್ತು ಪಿಸುಮಾತಿನಲ್ಲಿ ಮಾತಾಡಿದಳು. ಆ ಗಂಟಲಲ್ಲಿ ಪಿಸುಮಾತೂ ಇತ್ತು ಅಂತ ನನಗೆ ಗೊತ್ತಾದದ್ದೇ ಆಗ.

"ನಿಮ್ಮತ್ತಿ ಏನ ಹಾಕು ಅಂದಿದ್ಲು?"

"ನೀವು ಕೊಟ್ಟದ್ದ ಹಾಕು ಅಂದ್ರು. ದಿನಾ ನಿಮ್ಮ ಕಡೇನ ತಗೊಂಡು ಹಾಕೀನಲ್ರಿ..."

"ತಗೊಂಡದ್ದು ನೀ ತಗೊಂಡದ್ದು. ಅದಕ್ಕ ರೊಕ್ಕ ಕೊಟ್ಟಿ. ನಾ ಕೊಟ್ಟದ್ದು ಯಾವದು?"

ಅವಳು ಬುಟ್ಟಿಯ ತಳಕ್ಕೆ ಕೈಹಾಕಿ ಮಣ್ಣು ಮೆತ್ತಿದ ಹಕ್ಕರಿಕೆಯ ಹಿಡಿ ತೆಗೆದಳು.

"ಇದು. ಕೊಸರು. ಹುಚ್ಚೀ, ಅದರ ಊಟ ನೀವುಂಡು ನಿಮ್ಮ ಊಟ ಅದಕ್ಕ ಇಟ್ಟೀರಿ. ಅದಾದರೂ ಏನ ಮಾಡಬೇಕು, ಹೊಲದಾಗ ಹುಟ್ಟಿದ್ದು."

ತೊಳೆಯಲಿಲ್ಲ, ಹೆಚ್ಚಲಿಲ್ಲ, ತಾಟಂತೂ ಬೇಡವೇ ಬೇಡ. ಗೋಡೆಯ ಬುಡದ ಮಣ್ಣಿನ ಮೇಲೆ ಹರವಿದಳು. ನಾವಿಬ್ಬರೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆವು. ಆಮೆ ಬಹಳ ಹೊತ್ತು ಸುಮ್ಮನಿತ್ತು... ಆಮೇಲೆ ಕುತ್ತಿಗೆ ಚಾಚಿತು. ಒಂದು ಎಲೆ ಹಿಡಿದು ಎಳೆಯಿತು. ಕರಕ್ ಅಂತು. ಬಾಯಿಯ ಅಂಚಿಗೆ ಬಿಳಿ ಹಾಲು ಹತ್ತಿತು. ಇನ್ನೊಂದು ಎಲೆ, ಮತ್ತೊಂದು. ನನಗೆ ಅಳುವೂ ನಗುವೂ ಕೂಡಿಯೇ ಬಂದವು. ಅವಳು ಎದ್ದು ನಿಂತು ಸೆರಗು ಕೊಡವಿ, ತನ್ನ ಎಂದಿನ ಗಂಟಲು ತೆಗೆದಳು.

"ಉಂಡಾನವಾ, ಉಂಡಾನ! ಬೋಣಗಿ ಆಣಿ ಮಾಡಿ ಹೇಳ್ತೀನಿ, ನನ್ನ ಕಣ್ಣಮುಂದ ಉಣ್ಣಾಕತ್ತಾನ! ನೀ ಉಣ್ಣಿನ್ನ!"

ಅವತ್ತು ಅತ್ತೆಗೆ ರೊಟ್ಟಿ ಬಡಿಸುವಾಗ ನಾನು ಅವರ ಮುಖ ನೋಡಿ ಮಾತಾಡಿದೆ. ಆದರೆ ಹಿಂದಿನ ಎರಡು ದಿನ ಎಲ್ಲಿ ಹೋದೀತು? ಅವರಿಗೆ ತಿಳಿಯದಂತೆ ಅವರ ನೇಮ ಕೆಡಿಸಿದ್ದೆ. ಅತ್ತೆ ಗುಣವಾಗಿ ಕೋಲು ಹಿಡಿದು ತಾವೇ ಹಿತ್ತಲಿಗೆ ಹೋಗುವಂತಾದರು, ಹಳೆಯ ಹಾಗೆ ಸೆರಗಿನಲ್ಲಿ ಹಕ್ಕರಿಕೆ ಒಯ್ದರು. ನನಗೆ ಮಾತ್ರ ದೇವರ ಜಗಲಿಯ ಮುಂದೆ ಕೈಮುಗಿದಾಗಲೆಲ್ಲ ಅದೇ ಮುಳ್ಳು. ಹೇಳಿಬಿಡಲೇ ಅಂದುಕೊಳ್ಳುವುದು, ಈಗ ಯಾಕೆ ಮುದುಕಿಯ ಮನಸ್ಸು ನೋಯಿಸಲಿ ಅಂತ ನುಂಗುವುದು.

ಮುಂದೆ ಒಂದು ವರ್ಷಕ್ಕೆ, ಇಂಥ ಆಮೆಯನ್ನು ಮನೆಯಲ್ಲಿಡುವುದು ಕಾನೂನಿಗೆ ವಿರುದ್ಧ ಅಂತ ನಮ್ಮವರಿಗೆ ಯಾರೋ ಹೇಳಿದರು. ಹೆದರಿಕೊಂಡೇ ಅರಣ್ಯದವರಿಗೆ ಖಬರು ಕೊಟ್ಟೆವು. ಅವರು ಬೈಯಲಿಲ್ಲ. ನೋಡಿಕೊಂಡು, ಆರೋಗ್ಯವಾಗಿದೆ, ಕಪ್ಪತಗುಡ್ಡದ ಕಡೆ ಬಿಡುತ್ತೇವೆ ಅಂದರು. ಪಲ್ಲೆದಾಕಿಯೂ ಬಾಗಿಲಲ್ಲಿ ನಿಂತಿದ್ದಳು. "ಅಲ್ಲಿ ಹಕ್ಕರಕಿ ಸಿಗತೈತೇನ್ರಿ?" ಅಂತ ಅತ್ತೆ ಅಳುದನಿಯಲ್ಲಿ ಕೇಳಿದರೆ, ಅವರಿಗಿಂತ ಮೊದಲು ಇವಳೇ, "ಗುಡ್ಡದಾಗ ಇಲ್ಲದ್ದು ನನ್ನ ಬುಟ್ಟ್ಯಾಗ ಐತೇನ? ಸುಮ್ನ ಕಳಿಸು, ಅಲ್ಲಿ ಜಲ್ದಿ ಉಣ್ಣತಾನ, ನಿನಗೂ ಜಲ್ದಿ ಊಟ" ಅಂದಳು. ಅತ್ತೆ ನಕ್ಕು, ಅವತ್ತು ಗುಡ್ಡದ ಕಡೆ ಕೈಮುಗಿದು ಉಂಡರು. ಈಗಲೂ ಹಾಗೆಯೇ ಉಣ್ಣುತ್ತಾರೆ.

ಅದಾಗಿ ಎರಡು ವರ್ಷ ಅವಳು ಬಂದಳು. ಆಮೇಲೆ ಒಂದು ಮಳೆಗಾಲ ಕೂಗು ನಿಂತಿತು. ಹದಿನೈದು ದಿನ ಕಾದೆವು. ಅದೇ ಊರಿನಿಂದ ಮೊಸರು ತರುವಾಕೆಯನ್ನು ಕೇಳಿದಾಗ, ಮೂರು ದಿನದ ಜ್ವರದಲ್ಲಿ ಹೋದಳು ಅಂದಳು. ಅತ್ತೆ ಅವತ್ತು ಮಂಚದ ಮೇಲೆ ಕೂತು ಬಹಳ ಅತ್ತರು. ಅತ್ತು, ಮೂಗು ಒರೆಸಿಕೊಂಡು, ನನ್ನನ್ನು ಪಕ್ಕಕ್ಕೆ ಕರೆದರು.

"ಅಕಿ ಬಾಯಿ ಎಷ್ಟ ದೊಡ್ಡದಿದ್ರೂ ಒಂದು ಮಾತು ಮಾತ್ರ ಹೊರಗ ಬಿಡಲಿಲ್ಲ ನೋಡು. ನೀ ಎರಡು ದಿನ ಸುಳ್ಳು ಹೇಳಿದ್ದು ನನಗ ಗೊತ್ತಿತ್ತವಾ. ಹಕ್ಕರಕಿ ನನ್ನ ತಾಟಿಗೆ ಬಂದೈತಿ ಅಂದ್ರ ಅದರ ಬಾಯಿಗೆ ಹೋಗಿಲ್ಲ ಅಂತಲ್ಲ. ಮರುದಿನ ಮುಂಜಾನೆ ಕಿಡಕ್ಯಾಗ ಅಕಿಗೆ ನಾನ ಹೇಳಿ ಕಳಿಸಿದೆ. ಆಮಿ ಉಳೀಬೇಕು, ನನ್ನ ಸೊಸಿ ಸುಳ್ಳಿ ಆಗಬಾರದು, ನನಗ ಗೊತ್ತೈತಿ ಅನ್ನೂದು ಸೊಸಿಗೆ ತಿಳೀಬಾರದು ಅಂದೆ."

"ಗೊತ್ತಿದ್ರೂ ಯಾಕ ಉಂಡ್ರಿ ಅತ್ತೀ? ನಿಮ್ಮ ನೇಮ?" ಅಂದೆ.

"ತಾಟು ಹಿಡದ ನಿನ್ನ ಕೈ ಥರಥರ ನಡಗತಿತ್ತು. ನೇಮ ತಪ್ಪಿದ್ರ ದೇವರಿಗೆ ತಪ್ಪ ಕಾಣಿಕಿ ಹಾಕಿದ್ರಾತು. ಹೆದರಿದ ಸೊಸಿಗೆ ಏನ ಹಾಕೂದು? ಅದಕ್ಕ ಉಂಡೆ."

ಮೂರು ವರ್ಷ ಎದೆಯ ಮೇಲಿದ್ದ ಕಲ್ಲು ಆ ಒಂದು ಮಾತಿಗೆ ಇಳಿಯಿತು. ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಲೇ ನಕ್ಕೆ. ಅವರ ನೇಮ ನಾನು ಕದ್ದು ಮುರಿದದ್ದಲ್ಲ, ಅವರೇ ತಿಳಿದು ತಿಳಿದು ನನಗಾಗಿ ಬಿಟ್ಟದ್ದು. ಈಗ ಅದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ. ಮೊನ್ನೆ ಸಂತೆಯಿಂದ ತಂದದ್ದನ್ನು ಇಬ್ಬರೂ ರೊಟ್ಟಿಯ ಜೊತೆ ಕಡಿದೆವು. ಅತ್ತೆಗೆ ಹಲ್ಲಿಲ್ಲ, ಆದರೂ ಹಟ.

ಒಂದೇ ಒಂದು ಉಳಿದುಹೋಯಿತು. ಅಷ್ಟು ವರ್ಷ ದಿನಾ ಬೆಳಿಗ್ಗೆ ಅವಳು ನನ್ನ ಮುಖ ನೋಡುತ್ತ ಬಾಗಿಲಲ್ಲಿ ನಿಂತಳು, ಬೋಣಿಗೆಗೆ ಮುಂಚೆಯೂ, ಆಮೇಲೂ. ಓಣಿಯ ಎಲ್ಲರ ಮನೆಯ ಸುದ್ದಿ ಕೂಗಿ ಹೇಳುವವಳು, ನನ್ನದನ್ನು ನನಗೂ ಹೇಳಲಿಲ್ಲ. ಒಂದು ಸಲ, ಒಂದೇ ಸಲ, ಅವಳ ಬುಟ್ಟಿಗೆ ಕೈಕೊಟ್ಟು ಇಳಿಸುತ್ತ, "ಯಕ್ಕಾ, ನನಗೂ ಗೊತ್ತಾತ್ರಿ" ಅನ್ನಬೇಕಿತ್ತು... ಆಗ ಅವಳು ಬೈಯುವುದನ್ನು ನಾನು ಕೇಳಬೇಕಿತ್ತು.