ಹಿಪ್ಪುನೇರಳೆ ಬಣ್ಣದ ತುಟಿ

ಹಿಪ್ಪುನೇರಳೆ ಹಣ್ಣಿನ ಕಲೆ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಮೊನ್ನೆ ಮಗಳ ಬಿಳಿ ಯೂನಿಫಾರಂ ಮೇಲಿನ ಕಲೆಗೆ ಸೋಪು, ನಿಂಬೆಹಣ್ಣು, ಬೈಗುಳ ಮೂರನ್ನೂ ಹಾಕಿ ಉಜ್ಜುತ್ತಾ ಕೂತಿದ್ದೆ. ಮೂರರಲ್ಲಿ ನನ್ನ ಕೈ ಪಳಗಿರುವುದು ಕೊನೆಯದರಲ್ಲೇ. ಮಗಳು ಪಕ್ಕದಲ್ಲಿ ನಿಂತು ಸ್ಕೂಲಿನ ಸುದ್ದಿ ಒಪ್ಪಿಸುತ್ತಿದ್ದಳು: "ಅಮ್ಮಾ, ಇವತ್ತು ಮಿಸ್ಸು ಹೇಮಂತನ್ನ ಪನಿಶ್‌ಮೆಂಟು ಅಂತ ಹುಡುಗೀರ ಬೆಂಚಲ್ಲಿ ಕೂರ್ಸಿದ್ರು. ಎಲ್ರೂ ಎಷ್ಟು ನಕ್ವಿ ಗೊತ್ತಾ?"

ನನ್ನ ಕೈ ನಿಂತಿತು. ಮೂಗಿಗೆ ಆ ಹಣ್ಣಿನ ವಾಸನೆ, ಕಿವಿಗೆ ಆ ಬೆಂಚು. ಚಂದ್ರು ನೆನಪಾಗಲು ಇನ್ನೇನು ಬೇಕು?

ಈ ಶಿಕ್ಷೆ ನಿಮಗೂ ಗೊತ್ತಿರುತ್ತದೆ. ಹುಡುಗನನ್ನು ಹುಡುಗಿಯರ ನಡುವೆ ಕೂರಿಸಿದರೆ ಆಯಿತು, ಬೆತ್ತವೂ ಬೇಡ, ಅವನು ನಾಚಿ ನೀರಾಗುತ್ತಾನೆ. ನಮ್ಮ ಪಕ್ಕ ಕೂರುವುದೇ ಒಂದು ಶಿಕ್ಷೆಯಾದರೆ ನಾವೇನು ಹಾಗಾದರೆ ಎಂದು ನಾವು ಹುಡುಗಿಯರು ಒಂದು ದಿನವೂ ಕೇಳಲಿಲ್ಲ. ಕೈಲಾಂಚದ ಕಡೆಯ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ, ಹೋಂವರ್ಕ್ ತರದ ಚಂದ್ರುವನ್ನು ಗಣಿತದ ಮೇಷ್ಟ್ರು ಹೀಗೆಯೇ ನನ್ನ ಪಕ್ಕಕ್ಕೆ ತಳ್ಳಿದರು.

ಅವನು ನಾಚಲಿಲ್ಲ. ಬ್ಯಾಗು ಇಟ್ಟು "ಒಸಿ ಜರುಗೇ" ಅಂದ. ಊರಿಂದೂರಿಗೆ ನಿಂತೇ ಬಂದವನಿಗೆ ಬಸ್ಸಿನಲ್ಲಿ ಸೀಟು ಸಿಕ್ಕ ಹಾಗಿತ್ತು ಅವನ ಮುಖ.

ಚಂದ್ರು ನಡೆಯುವುದು, ಮಾತಿಗೆ ಕೈ ತಿರುಗಿಸುವುದು, ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವುದು ಎಲ್ಲ ಹೆಣ್ಣುಮಕ್ಕಳ ಹಾಗೆ. ನನ್ನ ಹಾಗಲ್ಲ ಮತ್ತೆ. ನಾನು ನಕ್ಕರೆ ಕೊಟ್ಟಿಗೆಯ ಎಮ್ಮೆ ಬೆದರುತ್ತದೆ ಎಂದು ಅಜ್ಜಿ ದೂರುತ್ತಿದ್ದಳು. ಆದರೆ ಗಂಡುಬೀರಿಯಾದ ನನ್ನನ್ನು ಯಾರೂ ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದೊಯ್ದು ಹೊಡೆಯಲಿಲ್ಲ. ಅವನನ್ನು ಹೊಡೆಯುತ್ತಿದ್ದರು. ಅವನ ಹೋಂವರ್ಕನ್ನು ಹುಡುಗರು ಹರಿದು ಹಾಕುತ್ತಿದ್ದರು. ಮೇಷ್ಟ್ರಿಗೆ ಕಂಡದ್ದು ಹೋಂವರ್ಕ್ ಇಲ್ಲ ಎಂಬುದಷ್ಟೇ.

ನಮ್ಮ ಬೆಂಚಿಗೆ ಬಂದ ಮೇಲೆ ಅದೆಲ್ಲ ನಿಂತಿತು. ಚಂದ್ರು ಲೆಕ್ಕದಲ್ಲಿ ಚುರುಕು ಎಂದು ಆಗಲೇ ತಿಳಿದದ್ದು. ನನ್ನ ದಡ್ಡ ತಲೆಗೆ ಬೀಜಗಣಿತ ಹತ್ತಿಸಿದವನು ಅವನೇ.

"ಹತ್ತನೇದು ಪಾಸ್ ಮಾಡ್ಕಂಡು, ಟೀಚರ್ ಟ್ರೈನಿಂಗ್ ಮುಗ್ಸಿ, ಮಿಸ್ ಆಯ್ತೀನಿ ಕಣೇ," ಅಂದಿದ್ದ.

"ಮೇಷ್ಟ್ರು ಆಯ್ತೀನಿ ಅನ್ನೋ."

"ಊಹೂಂ. ಮಿಸ್ಸೇ."

ನಾವು ನಕ್ಕೆವು. ಅವನೂ ಅಂಗೈ ಅಡ್ಡ ಹಿಡಿದು ನಕ್ಕ. ಅವನು ತಮಾಷೆ ಮಾಡುತ್ತಿರಲಿಲ್ಲ ಎಂದು ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ನಮ್ಮ ಕಡೆ ರೇಷ್ಮೆಗೆ ಬೆಳೆಸುವ ಹಿಪ್ಪುನೇರಳೆಯನ್ನು ಸೊಪ್ಪಿಗಾಗಿ ಕಡ್ಡಿ ಸಮೇತ ಕತ್ತರಿಸುತ್ತಲೇ ಇರುವುದರಿಂದ ಹಣ್ಣು ಕಡಿಮೆ. ಆದರೆ ಚಂದ್ರುವಿನ ಹೊಲದ ಬದುವಿನಲ್ಲಿ ಮರವಾಗಲು ಬಿಟ್ಟ ಒಂದು ಗಿಡವಿತ್ತು. ಅವನು ಡಬ್ಬಿ ತುಂಬಾ ಹಣ್ಣು ತಂದ ದಿನ ಇಡೀ ಬೆಂಚಿನ ತುಟಿ ಕಡುನೇರಳೆಯಾಯಿತು. ಮೇಷ್ಟ್ರು ಬಂದರು. ಅವರಿಗೆ ಕಂಡದ್ದು ಒಬ್ಬನ ತುಟಿ ಮಾತ್ರ.

"ಏನ್ಲಾ, ಲಿಪ್‌ಸ್ಟಿಕ್ಕಾ? ಇಲ್ಲಿ ಕೂತೂ ಕೂತೂ ಪೂರಾ ಕೆಟ್ಟೋದೆ. ಎದ್ದೋಗಿ ಗಂಡ್‌ಹುಡುಗ್ರ ಜೊತೆ ಕೂತ್ಕ. ಒಸಿ ಗಂಡಸಾಗು."

"ಸಾ, ನಮ್ದೂ ಹಂಗೇ ಐತೆ ನೋಡಿ," ಎಂದು ನಾನು ನಾಲಿಗೆ ಚಾಚಿದೆ. ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಚಂದ್ರು ಬ್ಯಾಗು ಎತ್ತಿಕೊಂಡು ನಿಧಾನಕ್ಕೆ ನಡೆದ, ಒಮ್ಮೆ ತಿರುಗಿ ನಮ್ಮ ಬೆಂಚು ನೋಡಿದ.

ಸಂಜೆ ಟ್ಯಾಂಕಿನ ಹಿಂದೆ ಹುಡುಗರು ಅವನನ್ನು ಹಿಡಿದುಕೊಂಡು ತೆಂಗಿನ ನಾರಿನಲ್ಲಿ ತುಟಿ ಉಜ್ಜಿದರು. ಬಣ್ಣ ಹೋಗಲಿಲ್ಲ, ಚರ್ಮ ಹೋಯಿತು.

ಮರುದಿನ ಅವನ ತಾಯಿ ಜಯಮ್ಮ ಸ್ಕೂಲಿಗೆ ಬಂದಳು. "ಹುಡುಗ್ರಾಟ ಕಣಮ್ಮ, ನಿನ್ ಮಗನ್ನೇ ಒಸಿ ತಿದ್ದು," ಅಂದರು ಹೆಡ್‌ಮಾಸ್ಟರು. ಜಯಮ್ಮ ರೇಷ್ಮೆಹುಳು ಸಾಕುವವಳು. ಹುಳುವಿನ ಮನೆಯಲ್ಲಿ ಮೆಲ್ಲಗೆ ಮಾತಾಡಿ ರೂಢಿಯಾದ ದನಿಯಲ್ಲೇ ಹೇಳಿದಳು: "ಗಾಳಿ ಜಾಸ್ತಿಯಾಗಿ ಹುಳ ಸೊರಗಿದ್ರೆ ನಾವು ಕಿಟಕಿ ಮುಚ್ತೀವಿ ಸಾ. ಹುಳಾನ ಬೈಯಾಕಿಲ್ಲ."

ಚಂದ್ರು ಮತ್ತೆ ಬರಲಿಲ್ಲ. ಹತ್ತನೇ ಪರೀಕ್ಷೆಗೆ ಕೂರಲೇ ಇಲ್ಲ. ಮುಂದೆ ಊರನ್ನೂ ಬಿಟ್ಟ. ತವರಿಗೆ ಹೋದಾಗೆಲ್ಲ ಜಯಮ್ಮನನ್ನು ಕೇಳುತ್ತೇನೆ. "ಫೋನ್ ಮಾಡ್ತದೆ ಕಣವ್ವ. ಎಲ್ಲಿದ್ದೀಯಾ ಅಂದ್ರೆ ಮಾತ್ ಮರೆಸ್ತದೆ," ಅನ್ನುತ್ತಾಳೆ. 'ಅವನು' ಎಂದೇ ಬರೆಯುತ್ತಾ ಬಂದೆ, ನೋಡಿ. ಹಾಗೆ ಕರೆಯಬೇಕೋ ಬೇಡವೋ ಎಂದು ಕೇಳೋಣವೆಂದರೆ ಆ ಜೀವ ಸಿಕ್ಕಿಲ್ಲ. ಒಳ್ಳೆಯ ಮಿಸ್ಸೊಬ್ಬಳು ಯಾವುದೋ ಸ್ಕೂಲಿಗೆ ಇಲ್ಲವಾದಳು ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಲೆ ಉಜ್ಜಿದ ಮಾರನೇ ಬೆಳಿಗ್ಗೆ ಮಗಳನ್ನು ಬಿಡುವ ನೆಪದಲ್ಲಿ ರಾಮನಗರದ ಅವಳ ಸ್ಕೂಲಿಗೆ ಹೋದೆ. ದಾರಿಯುದ್ದಕ್ಕೂ ಭಾಷಣ ತಯಾರಿ ಮಾಡಿದ್ದೆ. ಮಿಸ್ಸಿನ ಮುಂದೆ ನಿಂತಾಗ ಎರಡು ವಾಕ್ಯ ಬಂತು. "ಹುಡುಗೀರ ಜೊತೆ ಕೂರೋದು ಶಿಕ್ಷೆ ಅಲ್ಲ ಮಿಸ್. ಅದನ್ನ ಬಿಟ್ಬಿಡಿ."

ಚಿಕ್ಕ ವಯಸ್ಸಿನ ಮಿಸ್ಸು. ಪಾಪ, ಸಂಕೋಚಪಟ್ಟರು. "ತಮಾಷೆಗೆ ಮಾಡಿದ್ದು ಮೇಡಂ," ಎಂದು ಕ್ಲಾಸಿನ ಕಡೆ ತಿರುಗಿ, "ಹೇಮಂತ್, ಹೋಗಪ್ಪಾ ನಿನ್ ಜಾಗಕ್ಕೆ," ಅಂದರು.

ಅವತ್ತೂ ಹುಡುಗಿಯರ ಬೆಂಚಿನಲ್ಲೇ ಕೂತಿದ್ದ ಹುಡುಗ ಬ್ಯಾಗು ಎತ್ತಿಕೊಂಡು ನಿಧಾನಕ್ಕೆ ಎದ್ದ. ಎದುರಿನ ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ತಿರುಗಿ ಹುಡುಗಿಯರ ಬೆಂಚನ್ನೊಮ್ಮೆ ನೋಡಿದ. ಆ ನೋಟ ನನಗೆ ಗೊತ್ತಿತ್ತು. ನ್ಯಾಯ ಹೇಳಲು ಬಂದ ನಾನು ನಮ್ಮ ಮೇಷ್ಟ್ರು ಮಾಡಿದ್ದನ್ನೇ ಮಾಡುತ್ತಿದ್ದೆನಲ್ಲ!

"ಮಿಸ್, ಒಂದ್ ನಿಮಿಷ," ಅಂದೆ. "ಎಲ್ಲಿ ಕೂರ್ತೀಯಾ ಅಂತ ಅವನನ್ನೇ ಕೇಳಿ."

ಮಿಸ್ಸು ಕೇಳಿದರು. ಹುಡುಗ ನನ್ನನ್ನು ನೋಡಿದ, ಎದುರಿನ ಸಾಲನ್ನು ನೋಡಿದ, ಆಮೇಲೆ ನೆಲ ನೋಡಿದ.

"ಎಲ್ಲಾದ್ರೂ ಸರಿ ಮಿಸ್," ಅಂದ. "ಹೊಡೀದಂಗೆ ನೋಡ್ಕಂಡ್ರೆ ಸಾಕು."